ಸಮತಟ್ಟಾದ ನಾಡಿನಲ್ಲಿ ಗಾಳಿಯೇ ಘಾಟಿ

ಹಲವು ವರ್ಷಗಳಿಂದ ನೆದರ್‌ಲ್ಯಾಂಡ್ಸ್‌ನ ಉತ್ರೆಕ್ಟ್‌ನಲ್ಲಿರುವ ನಾನು ರಜೆಗೆ ಹಾಸನಕ್ಕೆ ಬಂದಿದ್ದೇನೆ. ಗೆಳೆಯನ ಮನೆಯ ಜಗಲಿಯಲ್ಲಿ ನಕ್ಷೆ ಹರಡಿಕೊಂಡು ಕುಳಿತಿದ್ದೇವೆ. ಮುಂದಿನ ವರ್ಷ ಬೆಲ್ಜಿಯಂನ ಬ್ರೂಜ್‌ನಿಂದ ನೆದರ್‌ಲ್ಯಾಂಡ್ಸ್ ದಾಟಿ ಜರ್ಮನಿಯ ಬ್ರೆಮೆನ್‌ವರೆಗೆ ಇಬ್ಬರೂ ಸೈಕಲ್‌ನಲ್ಲಿ ಹೋಗಬೇಕು. ಅವನು ಪೆನ್ಸಿಲ್ ಹಿಡಿದು ದಿನಕ್ಕೆ 120 ಕಿ.ಮೀ. ಎಂದು ಗೆರೆ ಎಳೆದ. ಕೈಮರದಿಂದ ಮುಳ್ಳಯ್ಯನಗಿರಿಯ ಕಡೆಗೆ ಸೈಕಲ್ ಹತ್ತಿಸಿದವನಿಗೆ ಅದು ಹೆಚ್ಚೆನಿಸುವುದಿಲ್ಲ. ನೆದರ್‌ಲ್ಯಾಂಡ್ಸ್‌ನ ಅತಿ ಎತ್ತರದ ಗುಡ್ಡ ಎಂದು ಜನ ನೋಡಲು ಹೋಗುವ ಫಾಲ್ಸರ್‌ಬೆರ್ಗ್ 322 ಮೀಟರ್. ನಮ್ಮ ಹಾಸನ ಪೇಟೆಯೇ ಅದರ ಸುಮಾರು ಮೂರು ಪಟ್ಟು ಎತ್ತರದಲ್ಲಿದೆ.

ಮಲೆನಾಡಿನ ಅಂಚಿನವರಾದ ನಾವು ದಾರಿಯನ್ನು ಏರಿನಿಂದ ಅಳೆಯುತ್ತೇವೆ. ಆ ಅಳತೆ ಅಲ್ಲಿ ನಡೆಯುವುದಿಲ್ಲ ಎಂಬುದನ್ನು ನಾನು ಕಲಿತದ್ದು ನೆದರ್‌ಲ್ಯಾಂಡ್ಸ್‌ನ ಕರಾವಳಿ ಪ್ರಾಂತ್ಯ ಜೀಲ್ಯಾಂಡ್‌ನಲ್ಲಿ, ಕಡಲ ಪ್ರವಾಹ ತಡೆಯಲು ಕಟ್ಟಿದ ಆಸ್ಟರ್‌ಶೆಲ್ಡೆ ತಡೆಗೋಡೆಯ ಮೇಲೆ. 1986ರಲ್ಲಿ ಉದ್ಘಾಟನೆಯಾದ ಅದರ ಉದ್ದ ಸುಮಾರು 9 ಕಿ.ಮೀ. ಎದುರುಗಾಳಿಯಲ್ಲಿ ಅದನ್ನು ದಾಟಲು ನನಗೆ ಒಂದು ಗಂಟೆ ಹಿಡಿಯಿತು. ಕಿವಿಯಲ್ಲಿ ಒಂದೇ ಸಮನೆ ಭೋರ್ಗರೆತ, ತುಟಿಯ ಮೇಲೆ ಉಪ್ಪು, ಅತಿ ಸಣ್ಣ ಗೇರಿನಲ್ಲೂ ತೊಡೆ ಸೋಲುತ್ತಿತ್ತು. ಘಾಟಿ ಹತ್ತಿದವನಿಗೆ ಇಳಿಜಾರಾದರೂ ಸಿಗುತ್ತದೆ. ಅಲ್ಲಿ ಮರವಿಲ್ಲ, ತಿರುವಿಲ್ಲ, ಮರೆಯಾಗಲು ಒಂದು ಗೋಡೆಯೂ ಇಲ್ಲ.

ಆದ್ದರಿಂದ ನನ್ನ ಮಾತು ಇಷ್ಟೇ: ದಿಕ್ಕನ್ನು ಮೊದಲು ಗೊತ್ತು ಮಾಡಿ, ದೂರವನ್ನು ಆಮೇಲೆ. ಅಲ್ಲಿ ಹೆಚ್ಚಿನ ದಿನಗಳಲ್ಲಿ ಗಾಳಿ ಬೀಸುವುದು ನೈಋತ್ಯದಿಂದ, ನಮ್ಮ ಮುಂಗಾರು ಬರುವ ದಿಕ್ಕಿನಿಂದಲೇ. ಬ್ರೂಜ್‌ನಿಂದ ಹೊರಟರೆ ಅದು ಬೆನ್ನಿಗಿರುತ್ತದೆ. ದಿನಕ್ಕೆ 65 ಕಿ.ಮೀ. ಸಾಕು, ನಡುವೆ ಎರಡು ದಿನ ಖಾಲಿ ಇರಲಿ. ದಾರಿಯಲ್ಲಿ ಬ್ರೆಸ್ಕೆನ್ಸ್‌ನಿಂದ ಫ್ಲಿಸಿಂಗೆನ್‌ಗೆ ನೀರು ದಾಟಿಸುವ ದೋಣಿ ಇರುವುದು ಮುಖ್ಯವಾಗಿ ಪಾದಚಾರಿಗಳಿಗೆ ಮತ್ತು ಸೈಕಲ್‌ನವರಿಗೆ. ಅದಕ್ಕಾಗಿ ಅರ್ಧ ದಿನ ಕಳೆದರೂ ನನಗೆ ಬೇಸರವಿಲ್ಲ.

ಅಕ್ಕಿರೊಟ್ಟಿ ತಂದಿಟ್ಟ ಗೆಳೆಯನ ತಾಯಿ, "ದಾರಿ ತಪ್ಪಿದರೆ ಯಾರನ್ನಾದರೂ ಕೇಳಿದರಾಯಿತಲ್ಲಪ್ಪ" ಎಂದರು. ಕೇಳುವ ಪ್ರಸಂಗವೇ ಬರುವುದಿಲ್ಲ ಅಮ್ಮ ಎಂದೆ. ಅಲ್ಲಿ ಸೈಕಲ್ ದಾರಿಯ ಕವಲು ಕವಲಿಗೂ ಒಂದು ಸಂಖ್ಯೆಯ ಫಲಕವಿರುತ್ತದೆ, ಮುಂದಿನ ಸಂಖ್ಯೆಗೆ ಬಾಣದ ಗುರುತು. 23, 41, 8 ಎಂದು ಚೀಟಿಯಲ್ಲಿ ಬರೆದು ಹ್ಯಾಂಡಲ್‌ಗೆ ಅಂಟಿಸಿಕೊಂಡರೆ ಮೊಬೈಲ್ ಕೂಡ ಬೇಡ. ಈ ಏರ್ಪಾಡು ಮೊದಲು ಬಂದದ್ದು 1995ರಲ್ಲಿ, ಬೆಲ್ಜಿಯಂನ ಲಿಂಬರ್ಗ್ ಪ್ರಾಂತ್ಯದಲ್ಲಿ. ಅದನ್ನು ರೂಪಿಸಿದ ಹ್ಯೂಗೊ ಬೊಲೆನ್ ಗಣಿ ಎಂಜಿನಿಯರ್ ಆಗಿದ್ದವರು. ನೆಲದಡಿಯ ಸುರಂಗಗಳ ಕವಲುಗಳಿಗೆ ಸಂಖ್ಯೆ ಕೊಡುವ ಪದ್ಧತಿಯನ್ನು ಅವರು ನೆಲದ ಮೇಲಕ್ಕೆ ತಂದರು.

ಆದರೆ ಅಲ್ಲಿ ಇಡೀ ದಿನ ಸೈಕಲ್ ತುಳಿದರೂ ಯಾರೊಂದಿಗೂ ಮಾತಿಲ್ಲದೆ ಸಂಜೆಯಾಗುತ್ತದೆ. ಇಲ್ಲಿ ಹಳೇಬೀಡಿನ ಹಾದಿಯಲ್ಲಿ ಒಬ್ಬರನ್ನು ದಾರಿ ಕೇಳಿದರೆ ಯಾವೂರು, ಯಾರ ಮನೆಯವರು ಎಂದು ವಿಚಾರಿಸಿ, ನೀರು ಕೊಟ್ಟು, ಕವಲಿನವರೆಗೆ ಜೊತೆಗೇ ಬರುತ್ತಾರೆ. ಅದನ್ನು ನಾನು ಯಾವ ಫಲಕಕ್ಕೂ ಬಿಟ್ಟುಕೊಡಲಾರೆ. ಆದರೂ ಹಳೇಬೀಡು, ಬೇಲೂರುಗಳ ನಡುವೆ ಇರುವುದು ಬರೀ 16 ಕಿ.ಮೀ. ಹೆದ್ದಾರಿಯ ಲಾರಿಗಳಿಗೆ ಹೆದರದೆ ಮಕ್ಕಳೂ ಹಿರಿಯರೂ ಹಳ್ಳಿದಾರಿಯಲ್ಲಿ ಸೈಕಲ್ ತುಳಿದು ಎರಡೂ ದೇವಾಲಯ ನೋಡುವಂತಾಗಬೇಕು. ಅದಕ್ಕೆ ಬೇಕಾದದ್ದು ಕಲ್ಲುಕಂಬದ ಮೇಲೆ ಬಣ್ಣದಲ್ಲಿ ಬರೆದ ಸಂಖ್ಯೆ, ಒಂದು ಬಾಣ.

ಗೆಳೆಯ 120ನ್ನು ಅಳಿಸಿ 65 ಎಂದು ಬರೆದ. ಬರುವ ಭಾನುವಾರ ಬೆಳಿಗ್ಗೆ ಇಬ್ಬರೂ ಹಳೇಬೀಡಿನಿಂದ ಹೊರಟು, ದಾರಿ ಎಲ್ಲೆಲ್ಲಿ ಕವಲೊಡೆಯುತ್ತದೆ ಎಂದು ಬರೆದುಕೊಂಡು ಬರುತ್ತೇವೆ.