ಖಿನ್ನತೆ ಇದ್ದವರಿಗೆ ಮೊಬೈಲ್ ಗುಂಪು ಆಸರೆಯಾಗುತ್ತದೆಯೇ?

ಪರ

ನಾನು ಕಲಬುರಗಿಯವಳು. ಮೂರು ವರ್ಷದ ಹಿಂದೆ ಬೆಳಗ್ಗೆ ಎದ್ದು ಮುಖ ತೊಳೆಯುವುದೂ ನನಗೆ ಭಾರವಾಗಿತ್ತು. ಮನೆಯವರು ದೃಷ್ಟಿ ತೆಗೆದರು. ಶರಣಬಸವೇಶ್ವರ ಗುಡಿಗೆ ಕರೆದೊಯ್ದರು, ಬಂದೇ ನವಾಜ್ ದರ್ಗಾಕ್ಕೂ. ಎಲ್ಲಾ ಪ್ರೀತಿಯಿಂದಲೇ. ಆದರೆ ಡಾಕ್ಟರ್ ಮಾತು ಬಂದರೆ ಸುಮ್ಮನಾಗುತ್ತಿದ್ದರು. 'ಹುಚ್ಚರ ಡಾಕ್ಟರ್ ಹತ್ರ ಹೋದ್ಳು ಅಂದ್ರ ಮದುವಿ ಹೆಂಗ?' ಎಂಬ ಭಯ.

ಆಗ ಸಿಕ್ಕಿದ್ದು ಒಂದು ವಾಟ್ಸಾಪ್ ಗುಂಪು. ಮೊದಲ ವಾರ ಬರೀ ಓದಿದೆ. ಒಬ್ಬ ಅಕ್ಕ ಬರೆದಿದ್ದರು: 'ಇವತ್ತು ತಲೆ ಬಾಚಿಕೊಂಡೆ.' ಅದಕ್ಕೆ ಹತ್ತಾರು ಜನ ಖುಷಿಪಟ್ಟಿದ್ದರು. ತಲೆ ಬಾಚುವುದು ಎಷ್ಟು ದೊಡ್ಡ ಕೆಲಸ ಅಂತ ಬಲ್ಲವರು ಇದ್ದಾರಲ್ಲ ಎಂದು ಅತ್ತುಬಿಟ್ಟೆ.

ಡಾಕ್ಟರ್ ಹತ್ತಿರ ಹೋಗುವ ಧೈರ್ಯ ಕೊಟ್ಟವರೂ ಅವರೇ. ಮಾತ್ರೆ ಶುರುವಾಗಿ ಹತ್ತು ದಿನವಾದರೂ ಏನೂ ಅನ್ನಿಸಲಿಲ್ಲ. ಬಿಟ್ಟುಬಿಡೋಣ ಎಂದುಕೊಂಡೆ. ಎರಡರಿಂದ ನಾಲ್ಕು ವಾರ ಬೇಕಾಗುತ್ತದೆ, ತಡಿ ಎಂದು ಗುಂಪಿನವರು ಹೇಳಿದರು. ಡಾಕ್ಟರೂ ಅದನ್ನೇ ಹೇಳಿದ್ದರು, ಆದರೆ ಆ ದಿನ ನನ್ನ ಕಿವಿಗೆ ಬಿದ್ದಿರಲಿಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಖಿನ್ನತೆಯ ನೂರು ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಅವರನ್ನು ಆಸ್ಪತ್ರೆ ಬಾಗಿಲವರೆಗೆ ಕೈಹಿಡಿದು ಕರೆತರುವವರು ಬೇಕು, ಅಲ್ವಾ?

ವಿರೋಧ

ಅಕ್ಕಾ, ನಿಮ್ಮ ಮಾತು ಸುಳ್ಳಲ್ಲ. ನಾನು ಯಾದಗಿರಿಯಲ್ಲಿ ಅಂಥದ್ದೇ ಗುಂಪು ಒಂದು ವರ್ಷ ನಡೆಸಿದೆ. ಆಮೇಲೆ ಮುಚ್ಚಿದೆ.

ಒಂದು ರಾತ್ರಿ ಎರಡು ಗಂಟೆಗೆ ಒಬ್ಬ ಹುಡುಗ 'ಸಾಕಾಗಿದೆ' ಎಂದು ಬರೆದ. ಎಲ್ಲರೂ ಮಲಗಿದ್ದರು. ನಾನು ನೋಡಿದ್ದು ಆರು ಗಂಟೆಗೆ. ಅವನ ಅವ್ವ ಎಚ್ಚರಾಗಿದ್ದರು, ಅವನು ಉಳಿದ. ಆ ನಾಲ್ಕು ತಾಸು ಇನ್ನೂ ನನ್ನ ಎದೆಯಿಂದ ಇಳಿದಿಲ್ಲ. ನನಗೆ ಯಾವ ತರಬೇತಿಯೂ ಇರಲಿಲ್ಲ. ಮನಸ್ಸು ಮಾತ್ರ ಇತ್ತು.

ಗುಂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ನಮ್ಮಂಥ ಊರಲ್ಲಿ ನಂಬರ್ ಸಿಕ್ಕರೆ ಹೆಸರು, ಓಣಿ, ಮನೆತನ ಎಲ್ಲಾ ಸಿಕ್ಕಂತೆ. ಒಬ್ಬ ತಂಗಿಯ ಮಾತು ಸ್ಕ್ರೀನ್‌ಶಾಟ್ ಆಗಿ ಅವಳ ಗಂಡನ ಮನೆ ಮುಟ್ಟಿತು. ಇನ್ನೊಬ್ಬರು 'ನಾನು ಮಾತ್ರೆ ಬಿಟ್ಟು ಆರಾಮಿದ್ದೀನಿ' ಎಂದರು. ಅದನ್ನೋದಿ ಇಬ್ಬರು ಒಮ್ಮೆಲೇ ಬಿಟ್ಟರು. ತಲೆಸುತ್ತು, ನಿದ್ದೆ ಇಲ್ಲ. ಒಬ್ಬರ ದುಃಖ ಓದಿ ಹತ್ತು ಜನರ ರಾತ್ರಿ ಕೆಟ್ಟಿದ್ದೂ ಉಂಟು.

ಮುಚ್ಚುವ ದಿನ 14416 ಎಂದು ಬರೆದೆ. ಅದು ಮನಸ್ಸಿನ ಕಷ್ಟ ಇದ್ದವರಿಗಾಗಿ ಸರ್ಕಾರ 2022ರಿಂದ ನಡೆಸುತ್ತಿರುವ ಟೆಲಿ-ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಒಬ್ಬರು ಕೇಳಿದರು: 'ಅಲ್ಲಿ ಕನ್ನಡದಾಗ ಮಾತಾಡ್ತಾರೇನ್ರಿ?'

ಮಾತಾಡ್ತಾರ್ರಿ, ಎಂದೆ.