ಹನ್ನೆರಡು ಗುಳಿ

ನಮ್ಮ ಮನೆಯ ಗ್ಯಾರೇಜ್ ಅಂದರೆ ದೊಡ್ಡದೇನೂ ಅಲ್ಲ. ದಾವಣಗೆರೆಯ ನಿಟುವಳ್ಳಿಯಲ್ಲಿ 30-40ರ ಸೈಟು, ಅದರಲ್ಲಿ ಕಾರಿಗೆಂದು ಬಿಟ್ಟ ಜಾಗ. ಅಲ್ಲಿ ಹಳೇ ಮಾರುತಿ ಕಾರು, ಒಂದು ಸ್ಕೂಟರ್, ಎರಡು ತುಳಸಿ ಕುಂಡ, ಯಾವತ್ತೋ ಮಾರಬೇಕಾಗಿದ್ದ ಪೇಪರಿನ ಕಟ್ಟು. ಇಷ್ಟೆಲ್ಲ ಕೂತ ಮೇಲೆ ಉಳಿದ ಸಂದಿಯಲ್ಲಿ ನನ್ನ ಟೂಲ್ ಟ್ರಾಲಿ. ಕೆಂಪು ಬಣ್ಣ, ನಾಲ್ಕು ಗಾಲಿ, ಐದು ಡ್ರಾಯರ್. ನಿವೃತ್ತಿಯಾದ ವರ್ಷ ನನಗೆ ನಾನೇ ಕೊಟ್ಟುಕೊಂಡ ಉಡುಗೊರೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಊರವರ ದುಡ್ಡು ಜೋಡಿಸಿಟ್ಟವನಿಗೆ ತನ್ನದು ಅಂತ ಏನಾದರೂ ಜೋಡಿಸುವ ಆಸೆ ಇರುತ್ತೆ, ಅಲ್ವಾ?

ಡ್ರಾಯರ್ ಎಳೆದರೆ ಸುಯ್ ಅಂತ ಬರುತ್ತದೆ, ತಳ್ಳಿದರೆ ಸುಯ್ ಅಂತ ಹೋಗುತ್ತದೆ. ಮೊದಲ ವಾರ ಅದೊಂದೇ ಕೆಲಸ ಮಾಡಿದೆ.

ಐದರಲ್ಲಿ ನಾಲ್ಕು ಡ್ರಾಯರುಗಳ ವಿಷಯ ಒಂದೇ ಸಂಜೆಯಲ್ಲಿ ಇತ್ಯರ್ಥವಾಯಿತು. ಪಾನಾಗಳು ಒಂದರಲ್ಲಿ, ಸ್ಕ್ರೂಡ್ರೈವರ್ ಮತ್ತು ಕಟಿಂಗ್ ಪ್ಲೇಯರ್ ಒಂದರಲ್ಲಿ, ಸುತ್ತಿಗೆಯಂಥ ಭಾರದವು ಕೆಳಗೆ, ಎಲ್ಲೂ ಸೇರದ ಸಾಮಾನೆಲ್ಲ ಇನ್ನೊಂದರಲ್ಲಿ. ತಕರಾರು ಬಂದದ್ದು ಸಾಕೆಟ್‌ಗಳಿಂದ.

ಸಾಕೆಟ್ ಅಂದರೆ ಕರೆಂಟಿನದ್ದಲ್ಲ. ಬೋಲ್ಟಿನ ತಲೆಗೆ ಟೋಪಿ ಹಾಕಿದ ಹಾಗೆ ಕೂರುವ ಉಕ್ಕಿನ ಪುಟ್ಟ ಲೋಟ. ಅದರ ಹಿಂಬದಿಯಲ್ಲಿ ಚೌಕ ತೂತು. ಆ ತೂತಿಗೆ ಹಿಡಿಕೆ ಸಿಗಿಸಿ ಟಿಕ್ ಟಿಕ್ ಅಂತ ತಿರುಗಿಸುವುದು. ಇಲ್ಲಿ ಟೋಪಿ ಹಾಕಿಸಿಕೊಳ್ಳುವುದು ಬೋಲ್ಟು, ಕೊಂಡವನಲ್ಲ ಅಂತ ಆಗ ಅಂದುಕೊಂಡಿದ್ದೆ.

ಇದರ ಅಳತೆಯ ಕಥೆಯೇ ಒಂದು ತಮಾಷೆ. ಬೋಲ್ಟು ಹಿಡಿಯುವ ಬಾಯಿ ಮಿಲಿಮೀಟರಿನಲ್ಲಿ, ಹಿಡಿಕೆ ಸಿಗಿಸುವ ಚೌಕ ತೂತು ಇಂಚಿನಲ್ಲಿ. ಕಾಲು ಇಂಚು, ಮೂರು ಸೂತ (ಇಂಚಿನ ಎಂಟರಲ್ಲಿ ಮೂರು ಪಾಲು), ಅರ್ಧ ಇಂಚು. ನಮ್ಮ ದೇಶ ಮೆಟ್ರಿಕ್ ಅಳತೆಗೆ ಕಾಯ್ದೆ ಮಾಡಿದ್ದು 1956ರಲ್ಲಿ. ಆದರೆ ಈ ಚೌಕ ತೂತು ಇಡೀ ಪ್ರಪಂಚದಲ್ಲಿ ಇವತ್ತಿಗೂ ಇಂಚಿನಲ್ಲೇ ಇದೆ. ಮುಖ ಒಂದು ಕಾಲದ್ದು, ಬೆನ್ನು ಇನ್ನೊಂದು ಕಾಲದ್ದು. ನನ್ನ ವಯಸ್ಸಿನವರಿಗೆ ಇದು ಬೇಗ ಅರ್ಥವಾಗುತ್ತದೆ.

ನನ್ನ ಹತ್ತಿರ ಇದ್ದದ್ದು 8ರಿಂದ 19ರವರೆಗಿನ ಸೆಟ್ಟು. ಅದರ ಜೊತೆ ಅಪ್ಪನ ಕಾಲದ ಇಂಚಿನವು ಒಂದೆರಡು. ಅಪ್ಪ ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಟರ್ನರ್ ಆಗಿದ್ದರು. 1941ರಲ್ಲಿ ಶುರುವಾದ ಲೇತ್ ಕಾರ್ಖಾನೆ ಅದು, ಈಗಿಲ್ಲ. ಅವರ ಮುಕ್ಕಾಲು ಇಂಚಿನ ಸಾಕೆಟ್ ಅಂದರೆ 19.05 ಮಿಲಿಮೀಟರ್. 19ರ ಬೋಲ್ಟಿಗೆ ಅಳೆದು ಮಾಡಿಸಿದ ಹಾಗೆ ಕೂರುತ್ತದೆ. ಅರ್ಧ ಇಂಚಿನದು ಮಾತ್ರ ಎಡವಟ್ಟು. 12.7 ಅದು. 13ರ ಬೋಲ್ಟಿಗೆ ಹೋಗುವುದೇ ಇಲ್ಲ. 12ಕ್ಕೆ ಹಾಕಿದರೆ ಲೊಡಲೊಡ. ಬಲವಾಗಿ ತಿರುಗಿಸಿದರೆ ಬೋಲ್ಟಿನ ಮೂಲೆ ತಿಂದುಹಾಕುತ್ತದೆ. ತಿಂದುಹಾಕಿದೆ ಕೂಡ. ಅದಕ್ಕೆ ಅವೆರಡನ್ನು ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇನೆ.

ಸೆಟ್ಟಿನ ಜೊತೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಬಂದಿತ್ತು. ಅದಕ್ಕೆ ಎರಡೂ ಕಡೆ ಒಂದೇ ಮುಖ. ಯಾವುದು ಮೇಲೆ ಅಂತ ನೋಡದೆ ತೆರೆದರೆ ಅಷ್ಟೂ ಸಾಕೆಟ್ ದಬದಬ ಅಂತ ಕಾಲಿನ ಮೇಲೆ. ಎರಡು ಸಲ ಹೀಗಾದ ಮೇಲೆ ಎಲ್ಲವನ್ನೂ ಡ್ರಾಯರಿಗೆ ಸುರಿದೆ. ಆಮೇಲೆ ಬೇಕಾದದ್ದು ಹುಡುಕುವುದೆಂದರೆ, ಸಂತೆ ಮುಗಿಸಿ ಬಂದ ಚೀಲದಲ್ಲಿ ಎಂಟಾಣೆ ಹುಡುಕಿದ ಹಾಗೆ. 14 ಬೇಕೆಂದರೆ 13 ಸಿಗುತ್ತದೆ, 15 ಸಿಗುತ್ತದೆ. 10 ಅಂತೂ ಬೇಕಾದಾಗ ಸಿಗುವುದೇ ಇಲ್ಲ.

10 ಕಳೆಯುವುದು ನನ್ನೊಬ್ಬನ ಹಣೆಬರಹ ಅಂದುಕೊಂಡಿದ್ದೆ. ಇಡೀ ಪ್ರಪಂಚದ ಮೆಕ್ಯಾನಿಕ್‌ಗಳು ಇದೇ ಗೋಳು ಹೇಳಿಕೊಂಡು ನಗುತ್ತಾರಂತೆ. ಕಾರಣ ಸರಳ. 6 ಮಿಲಿಮೀಟರ್ ದಪ್ಪದ ಬೋಲ್ಟಿಗೆ ಸಾಮಾನ್ಯವಾಗಿ 10ರ ತಲೆ. ಗಾಡಿಯಲ್ಲಿ ಆ ಬೋಲ್ಟು ಎಲ್ಲೆಲ್ಲೂ ಇರುತ್ತದೆ. ಜಾಸ್ತಿ ಕೈಗೆ ಬರುವುದೇ ಜಾಸ್ತಿ ಕಳೆಯುತ್ತದೆ. 9 ಮತ್ತು 11 ನೋಡಿ, ಯಾರೂ ಕರೆಯದ ನೆಂಟರ ಹಾಗೆ ಸದಾ ಅಲ್ಲೇ ಕೂತಿರುತ್ತವೆ.

ಸರಿ, ಆರ್ಗನೈಸರ್ ಕೊಳ್ಳುವುದು ಅಂತ ನಿಶ್ಚಯಿಸಿದೆ. ಇದಕ್ಕೆ ಇಷ್ಟೊಂದು ಪಂಗಡಗಳಿವೆ ಅಂತ ಗೊತ್ತಿರಲಿಲ್ಲ.

ಮೊದಲು ತಂದದ್ದು ಕಂಬಿ. ಉದ್ದದ ಲೋಹದ ಪಟ್ಟಿ, ಅದರ ಮೇಲೆ ಜಾರಾಡುವ ಕ್ಲಿಪ್ಪುಗಳು. ಒಂದೊಂದು ಕ್ಲಿಪ್ಪಿಗೆ ಒಂದೊಂದು ಸಾಕೆಟ್ ಒತ್ತಿ ಕೂರಿಸಬೇಕು. ಕೂರಿಸಿ ನೋಡಿದರೆ ಆಹಾ, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳು. ಕುಳ್ಳ ಮೊದಲು, ಉದ್ದ ಕೊನೆಗೆ. ಫೋಟೋ ತೆಗೆದು ಮಗನಿಗೆ ಕಳಿಸಿದೆ. ಹೆಬ್ಬೆರಳು ಕಳಿಸಿದ. ಕೆಲಸಕ್ಕೆ ಇಳಿದಾಗ ಬಣ್ಣ ಬಯಲಾಯಿತು. ತೆಗೆಯುವುದು ಸುಲಭ, ಎಳೆದರೆ ಬರುತ್ತದೆ. ವಾಪಸು ಇಡುವಾಗ ಎಡಗೈಯಲ್ಲಿ ಕಂಬಿ ಹಿಡಿಯಬೇಕು, ಬಲಗೈಯಲ್ಲಿ ಚೌಕಕ್ಕೆ ಚೌಕ ಹೊಂದಿಸಬೇಕು, ಟಕ್ ಅನ್ನುವವರೆಗೆ ಒತ್ತಬೇಕು. ಕೈತುಂಬ ಗ್ರೀಸ್ ಇರುವಾಗ ಈ ಶಾಸ್ತ್ರ ಯಾರು ಮಾಡುತ್ತಾರೆ? ಎರಡೇ ವಾರದಲ್ಲಿ ಕಂಬಿ ಖಾಲಿ, ಸಾಕೆಟ್ ಎಲ್ಲ ಡ್ರಾಯರಿನ ತಳದಲ್ಲಿ. ಹುಡುಕಲು ಈಗ ಕಂಬಿ ಬೇರೆ ಅಡ್ಡ.

ಆಮೇಲೆ ಅಯಸ್ಕಾಂತದ ಪಟ್ಟಿ. ಇದು ವಾಪಸಿಡಲು ಸುಖ. ಹತ್ತಿರ ಒಯ್ದರೆ ಸಾಕು, ಅದೇ ಕಸಿದುಕೊಳ್ಳುತ್ತದೆ. ತೊಂದರೆ ಏನೆಂದರೆ ಅದಕ್ಕೆ ಭೇದವಿಲ್ಲ. ಕಬ್ಬಿಣದ ಪುಡಿ, ಸ್ಕ್ರೂ, ಹೆಂಡತಿಯ ಸೇಫ್ಟಿಪಿನ್ನು, ಎಲ್ಲರನ್ನೂ ಒಂದೇ ಪ್ರೀತಿಯಿಂದ ಅಪ್ಪಿಕೊಳ್ಳುತ್ತದೆ. ಉದ್ದನೆಯ ಡೀಪ್ ಸಾಕೆಟ್‌ಗಳದ್ದು ಬೇರೆಯೇ ಕಥೆ. ಅವುಗಳ ಎತ್ತರ ಎರಡೂವರೆ ಇಂಚಿನ ಹತ್ತಿರ, ನನ್ನ ಡ್ರಾಯರಿನ ಆಳ ಎರಡೇ ಇಂಚು. ನಿಲ್ಲಿಸಿ ತಳ್ಳಿದೆ. ಒಳಗೆ ಎಲ್ಲೋ ಸಿಕ್ಕಿಕೊಂಡಿತು. ಡ್ರಾಯರ್ ಮುಂದೂ ಬರಲಿಲ್ಲ, ಹಿಂದೂ ಹೋಗಲಿಲ್ಲ. ಕೊನೆಗೆ ಟ್ರಾಲಿಯನ್ನೇ ಮಗುಚಿ ಬಿಡಿಸಬೇಕಾಯಿತು. ಆರ್ಗನೈಸರ್ ಕೊಳ್ಳುವ ಮೊದಲು ಡ್ರಾಯರ್ ಒಳಗೆ ಸ್ಕೇಲ್ ಇಡಬೇಕು ಅನ್ನುವುದನ್ನು ಹೀಗೆ ಕಲಿತೆ.

ಮೂರನೆಯದು ಫೋಮ್. ದಪ್ಪ ಹಾಳೆ ತಂದು ಪ್ರತಿ ಸಾಕೆಟ್‌ನ ಆಕಾರಕ್ಕೆ ಬ್ಲೇಡಿನಿಂದ ಕುಳಿ ಕೊರೆಯುವುದು. ವಿಮಾನ ರಿಪೇರಿ ಮಾಡುವ ಕಡೆ ಇದೇ ಪದ್ಧತಿ. ಒಂದು ಸಾಕೆಟ್ ಎಂಜಿನ್ ಒಳಗೆ ಮರೆತು ಬಂದರೆ ಜನರ ಜೀವಕ್ಕೇ ಕುತ್ತು. ಅದಕ್ಕೇ ಫೋಮ್‌ಗೆ ಮೇಲೊಂದು ಬಣ್ಣ, ಅಡಿಯಲ್ಲೊಂದು ಬಣ್ಣ. ಖಾಲಿ ಕುಳಿ ಕಣ್ಣಿಗೆ ಹೊಡೆಯಬೇಕು. ನನ್ನ ಸ್ಕೂಟರ್ ಹಾರುವುದಿಲ್ಲ, ಆದರೂ ಆಸೆಯಾಯಿತು. ಏಪ್ರಿಲ್ ತಿಂಗಳ ದಾವಣಗೆರೆ ಬಿಸಿಲಿನಲ್ಲಿ ಒಂದು ಇಡೀ ಭಾನುವಾರ ಕೊರೆದೆ. ಎರಡು ಬೆರಳೂ ಕೊರೆದುಕೊಂಡೆ. ಮುಗಿದ ಮಾರನೇ ದಿನ ಸ್ಪಾರ್ಕ್ ಪ್ಲಗ್ಗಿನ ಸಾಕೆಟ್ ಒಂದು ಹೊಸದಾಗಿ ತಂದೆ. ಅದಕ್ಕೆ ಕುಳಿ ಇರಲಿಲ್ಲ. ಫೋಮ್‌ನಲ್ಲಿ ಸಂಸಾರ ಬೆಳೆಯುವ ಹಾಗಿಲ್ಲ.

ಖಾಲಿ ಕುಳಿಯ ವಿಷಯ ಬಂದಾಗ ಅಪ್ಪ ಹೇಳುತ್ತಿದ್ದದ್ದು ನೆನಪಾಗುತ್ತದೆ. ಕಾರ್ಖಾನೆಯ ಟೂಲ್ ರೂಮಿನಲ್ಲಿ ಸಾಮಾನು ಬೇಕಾದರೆ ಹಿತ್ತಾಳೆ ಬಿಲ್ಲೆ ಕೊಡಬೇಕಿತ್ತಂತೆ. ಬಿಲ್ಲೆಯ ಮೇಲೆ ಕೆಲಸಗಾರನ ನಂಬರು. ಸಾಮಾನು ಹೋದ ಜಾಗದಲ್ಲಿ ಆ ಬಿಲ್ಲೆ ನೇತಾಡುತ್ತಿತ್ತು. ಸಂಜೆ ವಾಪಸು ಕೊಟ್ಟರೆ ಬಿಲ್ಲೆ ವಾಪಸು. ಯಾರ ಕೈಯಲ್ಲಿದೆ ಅಂತ ಕೂಗಾಡುವ ಹಾಗೇ ಇಲ್ಲ. ನಮ್ಮ ಬೀದಿಯಲ್ಲೂ ಇದನ್ನು ತರಬೇಕು ಅಂತ ಒಮ್ಮೆ ಯೋಚಿಸಿದೆ. ಎದುರುಮನೆ ಹುಡುಗ "ಅಂಕಲ್, ಐದು ನಿಮಿಷ" ಅಂತ ಒಯ್ದ 10ರ ಸಾಕೆಟ್‌ಗೆ ಈಗ ನಾಲ್ಕು ತಿಂಗಳು. ಅವನ ಬಿಲ್ಲೆ ಅಂತ ಏನು ತೂಗುಹಾಕುವುದು, ಅವನ ಚಪ್ಪಲಿಯೇ?

ಹದಡಿ ರಸ್ತೆಯ ಕಡೆ ನಾನು ಗಾಡಿ ಬಿಡುವ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರ ಸಾಕೆಟ್‌ಗಳೆಲ್ಲ ಅಡ್ಡಕ್ಕೆ ಕತ್ತರಿಸಿದ ಆಯಿಲ್ ಕ್ಯಾನಿನಲ್ಲಿ. ಬೋಲ್ಟು ನೋಡುತ್ತಲೇ ಕ್ಯಾನಿಗೆ ಕೈ ಹಾಕುತ್ತಾರೆ, ಬೆರಳಲ್ಲೇ ಅಳೆದು ಬೇಕಾದದ್ದನ್ನೇ ಎತ್ತುತ್ತಾರೆ. ಕೆಲಸ ಮುಗಿದರೆ ತಿರುಗಿ ನೋಡದೆ ಎಸೆಯುತ್ತಾರೆ. ಠಣ್ ಅಂತ ಕ್ಯಾನಿಗೇ ಬೀಳುತ್ತದೆ. "ಆರ್ಗನೈಸರ್ ಇಟ್ಕೊಳ್ಳಲ್ವಾ?" ಅಂತ ಕೇಳಿದೆ. "ಸರ್, ಹಾಕಕ್ಕೆ ಟೈಮ್ ಬೇಕಾದ್ರೆ ಅದು ನನಗಾಗಲ್ಲ" ಅಂದರು. 

ಅಲ್ಲಿಂದ ಬರುತ್ತಾ ಬೆಣ್ಣೆ ದೋಸೆಗೆ ನಿಂತೆ. ಸೌದೆ ಒಲೆ, ದೊಡ್ಡ ಕಾವಲಿ, ಭಟ್ಟರ ಎಡಕ್ಕೆ ಹಿಟ್ಟು, ಬಲಕ್ಕೆ ಬೆಣ್ಣೆ. ಆಲೂಗೆಡ್ಡೆ ಪಲ್ಯಕ್ಕೆ ಕಾಯುತ್ತಾ ಅವರ ಕೈಯನ್ನೇ ನೋಡುತ್ತಿದ್ದೆ. ಸೌಟು ಎತ್ತಿಕೊಳ್ಳುವಾಗ ಒಮ್ಮೆಯಾದರೂ ಕಣ್ಣು ಆ ಕಡೆ ಹೋಗುತ್ತಿತ್ತು. ವಾಪಸು ಇಡುವಾಗ ಒಂದು ಸಲವೂ ಇಲ್ಲ. ಕಣ್ಣು ಆಗಲೇ ಮುಂದಿನ ದೋಸೆಯ ಮೇಲೆ. ನಾನು ಇಷ್ಟು ದಿನ ತೆಗೆಯುವ ಕೈಗೆ ಆರ್ಗನೈಸರ್ ಹುಡುಕುತ್ತಿದ್ದೆ. ಹುಡುಕಬೇಕಾಗಿದ್ದದ್ದು ವಾಪಸಿಡುವ ಕೈಗೆ. ತೆಗೆಯುವಾಗ ಮನುಷ್ಯನಿಗೆ ಗರಜು ಇರುತ್ತದೆ, ಎಲ್ಲಿದ್ದರೂ ಹುಡುಕುತ್ತಾನೆ. ಇಡುವಾಗ ಯಾವ ಗರಜೂ ಇಲ್ಲ, ಸೋಮಾರಿತನ ಮಾತ್ರ.

ಮನೆಗೆ ಬಂದು ಇದನ್ನು ದೊಡ್ಡ ಸಂಶೋಧನೆಯ ಹಾಗೆ ಹೇಳಿದೆ. ಹೆಂಡತಿ ಒಗ್ಗರಣೆ ಹಾಕುತ್ತಿದ್ದಳು. ಒಗ್ಗರಣೆ ಡಬ್ಬಿಯನ್ನು ನನ್ನ ಮುಂದೆ ಸರಿಸಿದಳು. ಸುತ್ತ ಆರು ಬಟ್ಟಲು, ನಡುವೆ ಒಂದು.

"ನಡುವೆ ಏನೈತೆ ಹೇಳ್ರಿ?"

"ಸಾಸಿವೆ."

"ಯಾಕೆ?"

ನನಗೆ ಹೊಳೆಯಲಿಲ್ಲ. "ದಿನಾ ಬೇಕಲ್ರಿ ಅದು. ಮೆಂತ್ಯ ಯಾವಾಗಲೋ ಒಮ್ಮೆ, ಅದು ಅಂಚಿಗೆ. ನೀವು ಸಾಮಾನು ಎತ್ತರ ನೋಡಿ ನಿಲ್ಲಿಸಿದೀರಿ. ಎತ್ತರ ನೋಡಿ ಏನು ಮಾಡ್ತೀರಿ, ಪೊಲೀಸಿಗೆ ಸೇರಿಸ್ತೀರೇನು?"

ಇದಕ್ಕೆ ಉತ್ತರವಿರಲಿಲ್ಲ. ಗ್ಯಾರೇಜಿಗೆ ಹೋಗಿ ಕೂತು ಲೆಕ್ಕ ಹಾಕಿದೆ. ನನಗೆ ದಿನಾ ಬೇಕಾಗುವ ಸಾಸಿವೆ ಯಾವುದು? ನನ್ನ ಸ್ಕೂಟರ್, ಕಾರು ಎರಡೂ ಜಪಾನ್ ಮೂಲದ ವಿನ್ಯಾಸ. ಅವರ ಪದ್ಧತಿಯಲ್ಲಿ ಬೋಲ್ಟಿನ ತಲೆ ಸ್ವಲ್ಪ ಚಿಕ್ಕದು. 8 ಮಿಲಿಮೀಟರ್ ದಪ್ಪದ ಬೋಲ್ಟಿಗೆ ಬೇರೆ ಕಡೆ 13ರ ತಲೆಯಾದರೆ ಅವರದ್ದು 12. 10 ಮಿಲಿಮೀಟರ್ ದಪ್ಪದ ಬೋಲ್ಟಿಗೆ ಬೇರೆಯವರು 16 ಇಲ್ಲವೇ 17ರ ತಲೆ ಇಟ್ಟರೆ ಅವರು 14. ಅಂದರೆ 10, 12, 14 ಇವು ಮೂರಿದ್ದರೆ ನನ್ನ ಮುಕ್ಕಾಲು ಕೆಲಸ ಮುಗಿಯುತ್ತದೆ. ಉಳಿದ ಒಂಬತ್ತು ಸುತ್ತ ಕೂತಿದ್ದರೆ ಸಾಕು.

ನಡುವೆ ಮೂರು, ಸುತ್ತ ಒಂಬತ್ತು. ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಅಟ್ಟದ ಮೇಲೆ.

ನಮ್ಮಮ್ಮನ ಕಾಲದ ಎರಕದ ಪಡ್ಡಿನ ಹಂಚು. ನಾನ್‌ಸ್ಟಿಕ್ ಬಂದ ಮೇಲೆ ಹಳೇ ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದರು. ಸದ್ದಿಲ್ಲದೆ ಏಣಿ ಹತ್ತಿ ಇಳಿಸಿದೆ. ಎಣಿಸಿದೆ. 8ರಿಂದ 19ರವರೆಗೆ ಸಾಕೆಟ್ ಹನ್ನೆರಡು, ಹಂಚಿನ ಗುಳಿ ಹನ್ನೆರಡು. ಪಡ್ಡು ಕೂರುವ ಗುಳಿಯಲ್ಲಿ 19 ಕೂಡ ಆರಾಮಾಗಿ ಕೂತಿತು. ಡೀಪ್ ಸಾಕೆಟ್ ವಾಲಿಕೊಳ್ಳುತ್ತದೆ, ಇಲ್ಲ ಅನ್ನುವುದಿಲ್ಲ. ಅವನ್ನು ಪಕ್ಕದಲ್ಲಿ ಮಲಗಿಸಿದೆ. ತಳದಲ್ಲಿ ಮೂರು ಕಾಲುಗಳು ಇದ್ದದ್ದಕ್ಕೆ ಹಂಚು ಡ್ರಾಯರ್ ಒಳಗೆ ಹೋಗಲಿಲ್ಲ. ಟ್ರಾಲಿಯ ನೆತ್ತಿಯ ಮೇಲೆ ಇಟ್ಟೆ. ಅಲ್ಲಿ ಅದು ಗಾಡಿಯ ಕಿರೀಟದ ಹಾಗೆ ಕೂತಿದೆ.

ಅದರ ಸುಖ ಹೇಳುತ್ತೇನೆ ಕೇಳಿ. ಸ್ಕೂಟರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಕೆಲಸ ಮುಗಿದ ಸಾಕೆಟ್ಟನ್ನು ನೋಡದೆ ಹಿಂದಕ್ಕೆ ಕೈ ಚಾಚಿ ಬಿಟ್ಟರೆ ಸಾಕು. ಗುಳಿಯ ತಳ ದುಂಡಗಿದೆಯಲ್ಲ, ಅಂಚಿಗೆ ಬಿದ್ದರೂ ತಾನೇ ಉರುಳಿ ಒಳಗೆ ಕೂರುತ್ತದೆ. ಒತ್ತುವುದಿಲ್ಲ, ಹೊಂದಿಸುವುದಿಲ್ಲ. ಭಾರ ಇರುವುದರಿಂದ ಕೈ ತಾಕಿದರೆ ಜರುಗುವುದೂ ಇಲ್ಲ. ಎರಡು ತಿಂಗಳಾಯಿತು, ಒಂದೂ ಕಳೆದಿಲ್ಲ. 10ರ ಗುಳಿಗೆ ಹೊಸ ಸಾಕೆಟ್ ಕೂಡ ತಂದಿದ್ದೇನೆ, ಎದುರುಮನೆ ಹುಡುಗನಿಗೆ ಹೇಳಿಲ್ಲ. ಎರಕದ್ದು ತುಕ್ಕು ಹಿಡಿಯಬಾರದು ಅಂತ ಹದಿನೈದು ದಿನಕ್ಕೊಮ್ಮೆ ಹಂಚಿಗೂ ಸಾಕೆಟ್‌ಗೂ ಚೆನ್ನಾಗಿ ಎಣ್ಣೆ ಸವರುತ್ತೇನೆ. ಕಂಬಿ, ಅಯಸ್ಕಾಂತ, ಫೋಮ್ ಮೂರೂ ಈಗ ಅಟ್ಟದ ಮೇಲಿವೆ, ಹಂಚು ಇದ್ದ ಜಾಗದಲ್ಲೇ.

ನಿನ್ನೆ ಚಿತ್ರದುರ್ಗದಿಂದ ಬೀಗರ ಫೋನ್ ಬಂತು. ಭಾನುವಾರ ಬೆಳಗಿನ ತಿಂಡಿಗೇ ಬರುತ್ತಾರಂತೆ. ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು.

"ರೀ, ಆ ನಾನ್‌ಸ್ಟಿಕ್ ಪೂರ್ತಿ ಕಿತ್ತೋಗೈತೆ. ಅತ್ತೇರ ಪಡ್ಡಿನ ಹಂಚು ಅಟ್ಟದ ಮೇಲಿಂದ ಇಳಿಸ್ರಿ. ಇಷ್ಟು ವರ್ಷ ಹಂಗೇ ಬಿದ್ದೈತೆ, ತುಕ್ಕು ಹಿಡಿದೈತೋ ಏನೋ."

"ತುಕ್ಕೇನೂ ಹಿಡಿದಿಲ್ಲ" ಅಂದೆ. "ಎಣ್ಣೆ ಸವರಿ ಇಟ್ಟಿದೀನಿ."

ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ಸದ್ದಿರಲಿಲ್ಲ.

"ಯಾವ ಎಣ್ಣೆ?"