ಬರೆದಿಟ್ಟ ಗೆಲುವಿಗೆ ಲೆಕ್ಕ ಬೇಕಾ? ಪ್ರೊ ರೆಸ್ಲಿಂಗ್‌ನ ಸೋಲು-ಗೆಲುವು: ಪರ-ವಿರೋಧ

ಪ್ರೊ ರೆಸ್ಲಿಂಗ್‌ನಲ್ಲಿ ಯಾರು ಗೆಲ್ಲಬೇಕು ಅನ್ನುವುದು ರಿಂಗ್‌ಗೆ ಇಳಿಯುವ ಮೊದಲೇ ತೀರ್ಮಾನ ಆಗಿರುತ್ತದೆ. ಇದೇನು ಗುಟ್ಟಲ್ಲ. 1989ರಲ್ಲಿ ಡಬ್ಲ್ಯೂಡಬ್ಲ್ಯೂಎಫ್ (ಈಗಿನ ಡಬ್ಲ್ಯೂಡಬ್ಲ್ಯೂಇ) ಕಂಪನಿಯೇ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ ಇದು ಸ್ಪರ್ಧೆಯಲ್ಲ, ಮನರಂಜನೆ ಅಂತ ಒಪ್ಪಿಕೊಂಡಿತ್ತು. ಕ್ರೀಡಾ ಆಯೋಗದ ನಿಯಮಗಳಿಂದ ತಪ್ಪಿಸಿಕೊಳ್ಳುವುದಕ್ಕೆ ಅದು ಬೇಕಿತ್ತು. ಹಾಗಿದ್ದ ಮೇಲೆ ಯಾರು ಎಷ್ಟು ಮ್ಯಾಚ್ ಗೆದ್ದರು, ಎಷ್ಟು ಸೋತರು ಅಂತ ಲೆಕ್ಕ ಇಡಬೇಕಾ? ಆ ಲೆಕ್ಕ ನೋಡಿಯೇ ಟೈಟಲ್ ಮ್ಯಾಚ್ ಕೊಡಬೇಕಾ?

ಪರ: ಲೆಕ್ಕ ಅಂದರೆ ನೋಡುವವರಿಗೆ ಕೊಟ್ಟ ಮಾತು

90ರ ದಶಕದಲ್ಲಿ ನಮ್ಮ ಬೀದಿಯ ಹುಡುಗರ ಚಡ್ಡಿ ಜೇಬಿನಲ್ಲಿ ಡಬ್ಲ್ಯೂಡಬ್ಲ್ಯೂಎಫ್ ಟ್ರಂಪ್ ಕಾರ್ಡಿನ ಒಂದು ಕಟ್ಟು ಇದ್ದೇ ಇರುತ್ತಿತ್ತು. ರಬ್ಬರ್ ಬ್ಯಾಂಡ್ ಹಾಕಿ ಹಾಕಿ ಕಾರ್ಡುಗಳ ಅಂಚು ಸವೆದಿರುತ್ತಿತ್ತು. ಎತ್ತರ ಕೇಳಿದರೆ ಜಯಂಟ್ ಗೊನ್ಜಾಲೆಸ್, ತೂಕ ಕೇಳಿದರೆ ಯೊಕೊಜುನಾ. ಅದರಲ್ಲಿ ಚರ್ಚೆಯೇ ಇಲ್ಲ. ಆದರೆ ಕಾರ್ಡಿನಲ್ಲಿ ಇನ್ನೂ ಎರಡು ಸಾಲು ಇರುತ್ತಿದ್ದವು: ಎಷ್ಟು ಫೈಟ್ ಆಡಿದ್ದಾನೆ, ಎಷ್ಟು ಗೆದ್ದಿದ್ದಾನೆ. ಆ ಅಂಕಿಗಳನ್ನು ನಾವು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೆವು. ಅವು ಎಲ್ಲಿಂದ ಬಂದವು ಅಂತ ಯಾರೂ ಕೇಳಲಿಲ್ಲ. ಒಂದು ವಿಷಯ ಮಾತ್ರ ಆ ವಯಸ್ಸಿಗೇ ಅರ್ಥ ಆಗಿತ್ತು. ಎತ್ತರ ಹುಟ್ಟಿನಿಂದ ಬಂದಿದ್ದು. ಗೆಲುವು ಸಂಪಾದಿಸಿದ್ದು.

'ಎಲ್ಲಾ ಬರೆದಿಟ್ಟ ಕಥೆ, ಅದಕ್ಕೆಂಥ ಲೆಕ್ಕ' ಅಂತ ಕೇಳುತ್ತಾರೆ. ಬರೆದಿಟ್ಟ ಕಥೆ ಆಗಿರುವುದಕ್ಕೇ ಲೆಕ್ಕ ಬೇಕು ಅನ್ನುತ್ತೇನೆ ನಾನು. ಕಂಪನಿ ನಾಟಕದಲ್ಲಿ ಮೊದಲನೇ ಅಂಕದಲ್ಲಿ ಸತ್ತವನು ಮೂರನೇ ಅಂಕದಲ್ಲಿ ಸುಮ್ನೆ ಎದ್ದು ಬಂದು ಹಾಡಿದರೆ ಕೂತು ನೋಡುತ್ತೀವಾ? ಹಿಂದೆ ಆಗಿದ್ದನ್ನು ನೆನಪಿಡದ ಕಥೆ ಕಥೆಯೇ ಅಲ್ಲ. ರೆಸ್ಲಿಂಗ್‌ನಲ್ಲಿ ಆ ನೆನಪಿನ ಹೆಸರೇ ರೆಕಾರ್ಡ್.

ಅಂಡರ್‌ಟೇಕರ್‌ನನ್ನೇ ನೋಡಿ. ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಶೋ ರೆಸಲ್‌ಮೇನಿಯಾ. 1991ರಲ್ಲಿ ಅಲ್ಲಿ ಜಿಮ್ಮಿ ಸ್ನೂಕಾನನ್ನು ಸೋಲಿಸಿದಾಗ ಅದೊಂದು ಸಾಮಾನ್ಯ ಮ್ಯಾಚ್. ಆ ಶೋನಲ್ಲಿ ಅವನು ಸೋಲದೇ ಗೆಲ್ಲುತ್ತಾ ಹೋಗಿದ್ದನ್ನು ಮೊದಲ ಕೆಲವು ವರ್ಷ ಯಾರೂ ಎಣಿಸುತ್ತಿರಲಿಲ್ಲ. 2002ರಲ್ಲಿ ಟೊರಾಂಟೊದಲ್ಲಿ ರಿಕ್ ಫ್ಲೇರ್‌ನನ್ನು ಸೋಲಿಸಿದ ಮೇಲೆ ಅವನು ರಿಂಗ್‌ನಲ್ಲೇ ನಿಂತು ಒಂದೊಂದೇ ಬೆರಳು ಬಿಡಿಸುತ್ತಾ ಹತ್ತರವರೆಗೆ ಎಣಿಸಿ ತೋರಿಸಿದ. ಆ ಹತ್ತು ಬೆರಳು ನೋಡಿದ ದಿನದಿಂದ ನಾವೂ ಎಣಿಸತೊಡಗಿದೆವು. 2014ರ ಏಪ್ರಿಲ್ 6ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಬ್ರಾಕ್ ಲೆಸ್ನರ್ ಅವನನ್ನು ಪಿನ್ ಮಾಡಿದ, ಅಂದರೆ ಎರಡೂ ಭುಜ ನೆಲಕ್ಕೆ ಒತ್ತಿ ಹಿಡಿದ. ಅಂಪೈರ್ ಮೂರು ಎಣಿಸಿದ ಮೇಲೆ ಸಂಗೀತ ಬರುವುದಕ್ಕೂ ಸ್ವಲ್ಪ ಹೊತ್ತು ಹಿಡಿಯಿತು. ದೊಡ್ಡ ಪರದೆಯ ಮೇಲೆ 21-1 ಅಂತ ಬಂತು. ಆ ಮ್ಯಾಚ್‌ನಲ್ಲಿ ಪಣಕ್ಕೆ ಯಾವ ಚಾಂಪಿಯನ್ ಬೆಲ್ಟೂ ಇರಲಿಲ್ಲ. ಇದ್ದಿದ್ದು ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆ ಒಡೆದಿದ್ದಕ್ಕೆ ದೊಡ್ಡವರು ತಲೆ ಮೇಲೆ ಕೈ ಹೊತ್ತು ನಿಂತರು. 23 ವರ್ಷ ಕೂಡಿಟ್ಟಿದ್ದು ಒಂದೇ ಕ್ಷಣದಲ್ಲಿ ಖರ್ಚಾಗಿತ್ತು.

ಲೆಕ್ಕ ಪ್ರಾಮಾಣಿಕವಾಗಿರಬೇಕು, ಅದು ಮುಖ್ಯ. ಗೋಲ್ಡ್‌ಬರ್ಗ್ 1997ರ ಸೆಪ್ಟೆಂಬರ್‌ನಲ್ಲಿ ಡಬ್ಲ್ಯೂಡಬ್ಲ್ಯೂಎಫ್‌ನ ಎದುರಾಳಿ ಕಂಪನಿ ಡಬ್ಲ್ಯೂಸಿಡಬ್ಲ್ಯೂಗೆ ಬಂದ. ವಾರ ವಾರ ಗೆಲ್ಲುತ್ತಾ ಹೋದ. ಜನ ಸಂಖ್ಯೆ ಬರೆದ ಬೋರ್ಡ್ ಹಿಡಿದು ಬರುತ್ತಿದ್ದರು. 1998ರ ಜುಲೈ 6ರಂದು ಅಟ್ಲಾಂಟಾದಲ್ಲಿ ಹಲ್ಕ್ ಹೋಗನ್‌ನನ್ನು ಸೋಲಿಸಿದಾಗ ಆ ಸ್ಟೇಡಿಯಂ ಅಲುಗಾಡಿದ ಹಾಗಿತ್ತು. ಆದರೆ ಕಂಪನಿಗೆ ಆಸೆ ಜಾಸ್ತಿ ಆಯಿತು. ಒಂದು ವಾರಕ್ಕೂ ಮುಂದಿನ ವಾರಕ್ಕೂ ನಡುವೆ ಲೆಕ್ಕ ಹಿಗ್ಗತೊಡಗಿತು. ಡಿಸೆಂಬರ್ 27ರಂದು ಕೆವಿನ್ ನ್ಯಾಶ್ ಎದುರು ಸೋಲುವ ಹೊತ್ತಿಗೆ 173-0 ಅಂತ ಹೇಳುತ್ತಿದ್ದರು. ಕೂತು ಎಣಿಸಿದವರಿಗೆ ಅಷ್ಟು ಗೆಲುವು ಸಿಗುವುದೇ ಇಲ್ಲ. ಇದನ್ನು ತೋರಿಸಿ 'ನೋಡಿ, ಲೆಕ್ಕವೇ ಸುಳ್ಳು' ಅನ್ನುತ್ತಾರೆ. ನನಗೆ ಕಾಣುವುದು ಬೇರೆ. ಟಿವಿ ಎದುರು ಕೂತವರು ಅಷ್ಟು ಶ್ರದ್ಧೆಯಿಂದ ಎಣಿಸುತ್ತಿದ್ದರು. ಮೋಸ ಆಗಿದ್ದು ಅವರಿಗೆ.

ಪ್ರಾಮಾಣಿಕ ಲೆಕ್ಕ ಹೇಗಿರುತ್ತದೆ ಅಂತ ನೋಡಬೇಕಾದರೆ ಜಪಾನ್‌ಗೆ ಹೋಗಬೇಕು. ನ್ಯೂ ಜಪಾನ್ ಕಂಪನಿ 1991ರಿಂದ ಜಿ1 ಕ್ಲೈಮ್ಯಾಕ್ಸ್ ಲೀಗ್ ನಡೆಸುತ್ತಿದೆ. ಗೆದ್ದರೆ 2 ಅಂಕ, ಡ್ರಾ ಆದರೆ 1. ಕೊನೆಯ ದಿನ ಹತ್ತಿರ ಬಂದಾಗ ಜನ ಪೇಪರ್ ಪೆನ್ ಹಿಡಿಯುತ್ತಾರೆ. ಇವನು ಇವತ್ತು ಸೋತರೆ ಅವನಿಗೆ ದಾರಿ, ಡ್ರಾ ಆದರೆ ಮೂರನೆಯವನಿಗೆ. ಮ್ಯಾಚ್‌ನ ಗಡುವು ಮುಗಿಯಲು ಎರಡೇ ನಿಮಿಷ ಉಳಿದಾಗ ಎದೆ ಹೊಡೆದುಕೊಳ್ಳುವುದು ಯಾಕೆ? ಆ ಒಂದು ಅಂಕಕ್ಕೆ. ನಮ್ಮ ಮೈಸೂರು ದಸರಾ ಕುಸ್ತಿಯಲ್ಲೂ ಮಟ್ಟಿಗೆ ಇಳಿಯುವ ಮೊದಲು ಜೋಡಿ ಕಟ್ಟುತ್ತಾರೆ. ಸರಿಸಮ ಜೋಡಿ ಬಿದ್ದರೆ ಜನ ಕದಲುವುದಿಲ್ಲ. ಅದು ಅಸಲಿ ಕುಸ್ತಿ, ಇದು ಬೇರೆ, ಗೊತ್ತು. ಆದರೆ ಎದುರಾಳಿ ಎದುರಿಗೆ ನಿಲ್ಲಲು ಯೋಗ್ಯನೇ ಅನ್ನುವ ಪ್ರಶ್ನೆ ನೋಡುವವನಿಗೆ ಎರಡೂ ಕಡೆ ಒಂದೇ.

ಆ ಪ್ರಶ್ನೆಯನ್ನು ಮರೆತರೆ ಏನಾಗುತ್ತದೆ? 2017ರಲ್ಲಿ ಜಿಂದರ್ ಮಹಲ್‌ಗೆ ಆಗಿದ್ದೇ ಆಗುತ್ತದೆ. ಕೆನಡಾದಲ್ಲಿ ಹುಟ್ಟಿದ ಪಂಜಾಬಿ ಹುಡುಗ. ತಿಂಗಳುಗಟ್ಟಲೆ ಸೋಲುತ್ತಲೇ ಇದ್ದ. ಏಪ್ರಿಲ್‌ನಲ್ಲಿ ಒಂದು ಮ್ಯಾಚ್ ಗೆಲ್ಲಿಸಿದರು. ಮೇ 21ರಂದು ರ‍್ಯಾಂಡಿ ಆರ್ಟನ್‌ನನ್ನು ಸೋಲಿಸಿ ಡಬ್ಲ್ಯೂಡಬ್ಲ್ಯೂಇ ಚಾಂಪಿಯನ್ ಆದ. ನಾನು ಕುಣಿಯಬೇಕಿತ್ತು. ಮನಸ್ಸು ಕುಣಿಯಲಿಲ್ಲ. ಭಾರತದ ಮಾರುಕಟ್ಟೆಗೆ ಅಂತ ಕೊಟ್ಟ ಬೆಲ್ಟ್ ಇದು ಅಂತ ಎಲ್ಲರೂ ಅಂದರು. ಆರು ತಿಂಗಳು ಮೊದಲಿನಿಂದ ಅವನಿಗೆ ಗೆಲುವು ಕೂಡಿಸುತ್ತಾ ಬಂದಿದ್ದರೆ ಆ ಮಾತು ಹುಟ್ಟುತ್ತಲೇ ಇರಲಿಲ್ಲ. ಅವನ ದುಡಿಮೆಗೆ ಕಂಪನಿ ಮಾಡಿದ ಅನ್ಯಾಯ ಅದು.

ಕೊನೆಗೆ, ಸೋಲು-ಗೆಲುವು ಲೆಕ್ಕಕ್ಕಿಲ್ಲ ಅಂತಾದರೆ 1997ರ ನವೆಂಬರ್ 9ರಂದು ಮಾಂಟ್ರಿಯಲ್‌ನಲ್ಲಿ ನಡೆದಿದ್ದಕ್ಕೆ ಏನು ಹೇಳುತ್ತೀರಿ? ಚಾಂಪಿಯನ್ ಬ್ರೆಟ್ ಹಾರ್ಟ್ ಕಂಪನಿ ಬಿಡುವವನಿದ್ದ. ಆದರೆ ತನ್ನ ಕೆನಡಾದ ನೆಲದಲ್ಲಿ, ತನ್ನ ಜನರ ಮುಂದೆ ಶಾನ್ ಮೈಕಲ್ಸ್‌ಗೆ ಸೋಲಲ್ಲ ಅಂದ. ಡಿಸ್ಕ್ವಾಲಿಫಿಕೇಶನ್‌ನಲ್ಲಿ ಮುಗಿಸೋಣ ಅಂತ ಮಾತಾಗಿತ್ತು. ಮ್ಯಾಚ್ ನಡುವೆ ಮಾಲೀಕ ವಿನ್ಸ್ ಮೆಕ್‌ಮಹನ್ ರಿಂಗ್ ಪಕ್ಕ ನಿಂತು ಗಂಟೆ ಹೊಡೆಸಿದ. ಬ್ರೆಟ್ ಶರಣಾಗಿರಲಿಲ್ಲ. ಆದರೂ ಸೋಲು ಅಂತ ಬರೆದರು. ಬ್ರೆಟ್ ಅಲ್ಲೇ ವಿನ್ಸ್ ಮುಖಕ್ಕೆ ಉಗಿದ, ಒಳಗೆ ಹೋಗಿ ಗುದ್ದಿದ. ಎಲ್ಲಾ ನಾಟಕ ಅಂತ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದ ಇಬ್ಬರು ಒಂದು ಸೋಲಿಗೋಸ್ಕರ ನಿಜವಾಗಿ ಹೊಡೆದಾಡಿದರು.

ವಿರೋಧ: ಆ ಲೆಕ್ಕದಲ್ಲಿ ಅರ್ಧ ಜನ ಕಾಣುವುದೇ ಇಲ್ಲ

ಆ ಟ್ರಂಪ್ ಕಾರ್ಡ್ ನಾನೂ ಆಡಿದ್ದೇನೆ. ಪರ ಬರೆದವರು ಗೆಲುವಿನ ಸಾಲನ್ನು ಹಿಡಿದುಕೊಂಡರು. ನಾನು ಅದರ ಪಕ್ಕದ ಸಾಲಿನ ಬಗ್ಗೆ ಮಾತಾಡುತ್ತೇನೆ. ಎಷ್ಟು ಫೈಟ್ ಆಡಿದ ಅನ್ನುವ ಸಾಲು.

ಮೊದಲು ಒಂದು ಬಾಡಿ ಸ್ಲ್ಯಾಮ್ ಹೇಗಾಗುತ್ತದೆ ನೋಡೋಣ. ಟಿವಿಯಲ್ಲಿ ಕಾಣುವುದು ಒಬ್ಬ ಇನ್ನೊಬ್ಬನನ್ನು ಎತ್ತಿ ಒಗೆಯುವುದು. ನಿಧಾನಕ್ಕೆ ನೋಡಿ. ಎತ್ತಿಸಿಕೊಳ್ಳುವವನು ತಾನೇ ಜಿಗಿಯುತ್ತಾನೆ. ಒಂದು ಕೈಯನ್ನು ಎತ್ತುವವನ ತೊಡೆಯ ಮೇಲೆ ಊರಿ ತನ್ನ ಭಾರ ತಾನೇ ಮೇಲಕ್ಕೆ ತಳ್ಳುತ್ತಾನೆ. ಬೀಳುವಾಗ ಗದ್ದ ಎದೆಗೆ ಒತ್ತಿ ತಲೆ ಉಳಿಸಿಕೊಳ್ಳುತ್ತಾನೆ. ಬೆನ್ನಿನ ಮೇಲ್ಭಾಗ ಅಗಲವಾಗಿ ತಾಗುವ ಹಾಗೆ ಬಿದ್ದು, ಕೈ ಚಾಚಿ ನೆಲಕ್ಕೆ ಬಡಿಯುತ್ತಾನೆ. ಆ ಸದ್ದು ಕೇಳಿ ನಾವು 'ಅಬ್ಬಾ' ಅನ್ನುತ್ತೇವೆ. ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಬಿದ್ದವನದ್ದು. ಆಮೇಲೆ ಗೆಲುವು ಅಂತ ಬರೆಯುವುದು ನಿಂತವನ ಹೆಸರಿಗೆ.

ಗೋಲ್ಡ್‌ಬರ್ಗ್‌ನ 173ರ ಸಂಖ್ಯೆ ಸುಳ್ಳು ಅನ್ನುವುದಕ್ಕಿಂತ ನನಗೆ ಬೇಜಾರು ಮಾಡುವುದು ಇದೇ. ಅವನಿಗೆ ಆಗಿನ್ನೂ ಅನುಭವ ಕಡಿಮೆ. ಎರಡು ಮೂರು ನಿಮಿಷದಲ್ಲಿ ಅವನನ್ನು ರಾಕ್ಷಸನ ಹಾಗೆ ತೋರಿಸಿದವರು ಎದುರಿಗೆ ಬಿದ್ದ ಹಳೆ ಕೈಗಳು. ಸೋಲುವುದನ್ನೇ ಕಸುಬು ಮಾಡಿಕೊಂಡವರಿಗೆ ಜಾಬರ್ ಅಂತ ಹೆಸರು. ಬ್ಯಾರಿ ಹೊರೊವಿಟ್ಜ್ ಅಂತ ಒಬ್ಬ ಇದ್ದ. ವರ್ಷಗಟ್ಟಲೆ ಸೋತವನು. ಬೇರೆ ಯಾರೂ ಶಭಾಷ್ ಅನ್ನುವುದಿಲ್ಲ ಅಂತ ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತಿದ್ದ. ಅವನ ಕೋಟಿನ ಬೆನ್ನ ಮೇಲೆ ಒಂದು ಅಂಗೈ ಗುರುತು ಇರುತ್ತಿತ್ತು. 1995ರಲ್ಲಿ ಅವನು ಸ್ಕಿಪ್ ಅನ್ನುವವನನ್ನು ಸೋಲಿಸಿದಾಗ ಕಾಮೆಂಟರಿಯಲ್ಲಿ ಜಿಮ್ ರಾಸ್ ನಂಬಲಾರದೆ ಕಿರುಚಿದರು. ರೆಕಾರ್ಡ್ ನೋಡಿದರೆ ಹೊರೊವಿಟ್ಜ್ ಏನೂ ಅಲ್ಲ. ಕೆಲಸ ಗೊತ್ತಿದ್ದವರನ್ನು ಕೇಳಿದರೆ, ಹೊಸಬರನ್ನು ಧೈರ್ಯವಾಗಿ ಅವನ ಕೈಗೆ ಒಪ್ಪಿಸಬಹುದಿತ್ತು.

ಇನ್ನು ಅಂಡರ್‌ಟೇಕರ್‌ನ 21. ಅದರಲ್ಲಿ 1993ರದ್ದೂ ಸೇರಿದೆ. ಆ ವರ್ಷ ಅದೇ ಜಯಂಟ್ ಗೊನ್ಜಾಲೆಸ್ ಅವನ ಮುಖಕ್ಕೆ ಪ್ರಜ್ಞೆ ತಪ್ಪಿಸುವ ಔಷಧಿ ಹಾಕಿದ ಬಟ್ಟೆ ಒತ್ತಿ ಡಿಸ್ಕ್ವಾಲಿಫೈ ಆದ. ಅಂಡರ್‌ಟೇಕರ್ ಮಲಗಿಯೇ ಗೆದ್ದ. ಲೆಕ್ಕದಲ್ಲಿ ಅದಕ್ಕೂ ಒಂದು, 2009ರಲ್ಲಿ ಶಾನ್ ಮೈಕಲ್ಸ್ ಜೊತೆ ಆಡಿದ, ನಾನು ನೋಡಿದ ಮ್ಯಾಚ್‌ಗಳಲ್ಲೇ ಅತಿ ಶ್ರೇಷ್ಠವಾದ ಆ ಅರ್ಧ ಗಂಟೆಗೂ ಒಂದು.

ಸೋಲಿನಿಂದಲೇ ದೊಡ್ಡವರಾದವರ ವಿಷಯ ಇನ್ನೂ ಇದೆ. 1997ರ ಮಾರ್ಚ್ 23, ಶಿಕಾಗೊ ಹತ್ತಿರ ರೋಸ್‌ಮಾಂಟ್. ಬ್ರೆಟ್ ಹಾರ್ಟ್ ಎದುರು ಸ್ಟೀವ್ ಆಸ್ಟಿನ್. ಬ್ರೆಟ್‌ನ ಹಿಡಿತದಲ್ಲಿ ಆಸ್ಟಿನ್ ಹೊಟ್ಟೆ ಕೆಳಗಾಗಿ ಬಿದ್ದಿದ್ದ. ಹಣೆಯಿಂದ ರಕ್ತ ಹರಿದು ಹಲ್ಲಿನ ಸಂದಿಗೆ ಇಳಿದಿತ್ತು. ಅವನು ಕೈ ತಟ್ಟಿ ಶರಣಾಗಲಿಲ್ಲ, ಪ್ರಜ್ಞೆ ತಪ್ಪಿದ. ಫಲಿತಾಂಶ: ಆಸ್ಟಿನ್‌ಗೆ ಸೋಲು. ಬರುವಾಗ ಜನ ಬೈಯುತ್ತಿದ್ದ ಮನುಷ್ಯ, ಹೋಗುವಾಗ ಅವರ ಹೀರೊ. ಮುಂದಿನ ನಾಲ್ಕು ವರ್ಷ ಆ ಕಂಪನಿಯನ್ನು ಎಳೆದಿದ್ದು ಆ ಸೋಲು. ಮರು ವರ್ಷ ಜೂನ್ 28, ಪಿಟ್ಸ್‌ಬರ್ಗ್. ಮಿಕ್ ಫೋಲಿ ಕಬ್ಬಿಣದ ಪಂಜರದ ಮೇಲಿಂದ ಕಾಮೆಂಟರಿ ಟೇಬಲ್ ಮೇಲೆ ಬಿದ್ದ. ಸ್ಟ್ರೆಚರ್ ಮೇಲೆ ಹೊತ್ತೊಯ್ಯುತ್ತಿದ್ದಾಗ ಎದ್ದು, ಮತ್ತೆ ಆ ಪಂಜರ ಹತ್ತಿದ. ಅದೂ ಸೋಲೇ. ಫೋಲಿ ಹೆಸರು ಹೇಳಿದರೆ ಇವತ್ತಿಗೂ ಎಲ್ಲರಿಗೂ ನೆನಪಾಗುವುದು ಆ ರಾತ್ರಿ. ಅವನು ಗೆದ್ದ ಯಾವ ಮ್ಯಾಚೂ ಅಲ್ಲ.

ಲೆಕ್ಕದ ಮೇಲೆ ಎಲ್ಲಾ ನಡೆಸುತ್ತೇವೆ ಅಂತ ಹೊರಟವರೂ ಇದ್ದಾರೆ. 2019ರಲ್ಲಿ ಶುರುವಾದ ಎಇಡಬ್ಲ್ಯೂ ಅನ್ನುವ ಅಮೆರಿಕದ ಕಂಪನಿ ಪ್ರತಿಯೊಬ್ಬರ ಸೋಲು-ಗೆಲುವನ್ನು ಪರದೆ ಮೇಲೆ ತೋರಿಸಿತು, ರ‍್ಯಾಂಕಿಂಗ್ ಕೊಟ್ಟಿತು. ಆಸೆ ಒಳ್ಳೆಯದೇ. ಆದರೆ ಏನಾಯಿತು? ಯೂಟ್ಯೂಬ್‌ಗೆ ಅಂತ ಇದ್ದ ಶೋನಲ್ಲಿ ಹೆಸರಿಲ್ಲದವರನ್ನು ಕರೆಸಿ ಬೇಕಾದವರಿಗೆ ಗೆಲುವು ತುಂಬಿಸಿದರು. ಒಳ್ಳೆ ಕಥೆ ಸಿಕ್ಕಾಗ ರ‍್ಯಾಂಕಿಂಗ್ ಅಡ್ಡ ಬಂತು. 2022ರಲ್ಲಿ ನಿಲ್ಲಿಸಿದರು. ಜಪಾನ್‌ನ ಜಿ1 ನಡೆಯುವುದು ವರ್ಷಕ್ಕೆ ಕೆಲವು ವಾರ, ಅದಕ್ಕೆ ಚಂದ. ಇಡೀ ವರ್ಷ ಪರೀಕ್ಷೆ ಇಟ್ಟರೆ ಪಾಠ ಯಾವಾಗ?

ಇನ್ನೊಂದು ತೊಂದರೆಯೂ ಇದೆ. ಲೆಕ್ಕವನ್ನೇ ದೊಡ್ಡದು ಮಾಡಿದರೆ, ಲೆಕ್ಕ ಮುಗಿದ ದಿನ ಆಳಿಗೂ ಬೆಲೆ ಹೋಗುತ್ತದೆ. ಅಸುಕಾ 914 ದಿನ ಸೋತಿರಲಿಲ್ಲ. 2018ರ ರೆಸಲ್‌ಮೇನಿಯಾದಲ್ಲಿ ಶಾರ್ಲೆಟ್ ಫ್ಲೇರ್ ಎದುರು ಸೋತರು. ಅದಾದ ಮೇಲೆ ಎಷ್ಟೋ ತಿಂಗಳು ಇಂಥ ಆಟಗಾರ್ತಿಗೆ ಏನು ಕೆಲಸ ಕೊಡಬೇಕು ಅಂತಲೇ ಕಂಪನಿಗೆ ತೋಚಲಿಲ್ಲ. ಆಟ ಅದೇ, ಕಾಲು ಅದೇ, ಪಟ್ಟು ಅದೇ. ಹೋಗಿದ್ದು ಒಂದು ಸೊನ್ನೆ.

ಹಾಗಾದರೆ ಯಾವ ಲೆಕ್ಕವೂ ಬೇಡವಾ? ಬೇಕು. ಎಷ್ಟು ಮ್ಯಾಚ್ ಆಡಿದ ಅನ್ನುವ ಲೆಕ್ಕ ಬೇಕು. ಗೆಲುವನ್ನು ಆಫೀಸಿನಲ್ಲಿ ಕೂತು ಬರೆಯಬಹುದು. ಮ್ಯಾಚ್ ಸಂಖ್ಯೆಯನ್ನು ಬರೆಯುವುದು ಮೈ. ಟಿವಿಯಲ್ಲಿ ಕಾಣುವುದು ವಾರಕ್ಕೆ ಒಂದು ಮ್ಯಾಚ್. ಟಿವಿ ಇಲ್ಲದ ಊರೂರಿನ ಶೋಗಳಲ್ಲಿ ಆಡಿದ್ದು ಬೇರೆ. 80ರ ದಶಕದ ದೊಡ್ಡ ಹೆಸರುಗಳು ವರ್ಷದ ಬಹುಪಾಲು ರಾತ್ರಿಗಳನ್ನು ರಸ್ತೆಯಲ್ಲೇ ಕಳೆದವರು. ಪ್ಲೈವುಡ್ ಹಲಗೆ, ಮೇಲೊಂದು ತೆಳ್ಳನೆ ಫೋಮ್, ಅದರ ಮೇಲೆ ಬಟ್ಟೆ. ಅದರ ಮೇಲೆ ಒಂದು ರಾತ್ರಿಗೆ ಹತ್ತು ಸಲ ಬಿದ್ದರೆ ವರ್ಷಕ್ಕೆ ಎಷ್ಟಾಯಿತು? ಇಷ್ಟಾದರೂ ಅಮೆರಿಕದ ಕಂಪನಿಗಳ ಕಾಗದದಲ್ಲಿ ಇವರು ನೌಕರರಲ್ಲ, ಗುತ್ತಿಗೆಯವರು. ಪರದೆಯ ಮೇಲೆ ಒಂದು ಸಂಖ್ಯೆ ತೋರಿಸಲೇಬೇಕು ಅಂದರೆ ಈ ವರ್ಷ ಎಷ್ಟು ರಾತ್ರಿ ಆಡಿದ ಅನ್ನುವುದನ್ನು ತೋರಿಸಲಿ. ಆಗ ಜಿಂದರ್ ಮಹಲ್‌ಗೂ ಹೊರೊವಿಟ್ಜ್‌ಗೂ ಮರ್ಯಾದೆ ಸಿಗುತ್ತದೆ.

ಪರ ಬರೆದವರು ಬ್ರೆಟ್ ಹಾರ್ಟ್‌ನ ಮಾಂಟ್ರಿಯಲ್ ಸೋಲಿಗೆ ನಿಲ್ಲಿಸಿದರು. ಅವನ ಇನ್ನೊಂದು ಮ್ಯಾಚ್ ಇದೆ. 1999ರ ಡಿಸೆಂಬರ್ 19, ವಾಷಿಂಗ್ಟನ್. ಎದುರಾಳಿ ಗೋಲ್ಡ್‌ಬರ್ಗ್. ನಡುವೆ ಗೋಲ್ಡ್‌ಬರ್ಗ್ ಕಾಲು ಬೀಸಿ ಒದ್ದ. ಎಷ್ಟು ಎತ್ತರಕ್ಕೆ ಬೀಸಬೇಕಿತ್ತೋ ಅದಕ್ಕಿಂತ ಮೇಲೆ ಹೋಗಿ ನೇರ ತಲೆಗೆ ಬಿತ್ತು. ಬ್ರೆಟ್ ಬಿದ್ದ, ಎದ್ದ, ಉಳಿದ ಮ್ಯಾಚ್ ಮುಗಿಸಿದ. ತಲೆಯೊಳಗೆ ಪೆಟ್ಟಾಗಿತ್ತು. ಕೆಲವು ವಾರ ಹಾಗೇ ಆಡಿದ. 2000ದಲ್ಲಿ, 43ನೇ ವಯಸ್ಸಿಗೆ, ನಿವೃತ್ತಿ ಹೇಳಬೇಕಾಯಿತು. ರೆಕಾರ್ಡ್ ತೆಗೆದು ಆ ತಾರೀಕಿನ ಮುಂದೆ ನೋಡಿ. ಬ್ರೆಟ್ ಹಾರ್ಟ್, ಗೆಲುವು ಅಂತ ಇದೆ.